ಕುಕ್ಕರ್ ಕೂಗಿದರೆ ಮಂಚದಡಿ ಸೇರುವ ಬೆಲ್ಲ

ನಮ್ಮ ಮನೆಯಲ್ಲಿ ಕುಕ್ಕರ್ ಇಟ್ಟು 8 ತಿಂಗಳಾಯಿತು. ಅನ್ನ ಬಸಿಯುತ್ತೇವೆ, ಬೇಳೆ ಪಾತ್ರೆಯಲ್ಲೇ ಬೇಯುತ್ತದೆ, ಸಿಲಿಂಡರ್ ಬೇಗ ಮುಗಿಯುತ್ತದೆ. ಕಾರಣ ನಮ್ಮ ಲ್ಯಾಬ್ರಡಾರ್ ಬೆಲ್ಲ. ಕುಕ್ಕರ್ ಒಂದು ಕೂಗು ಹಾಕಿದರೆ ಸಾಕು, 30 ಕಿಲೋ ತೂಗುವ ನಾಯಿ ಅಮ್ಮನ ಮಂಚದಡಿ ತೂರಿಕೊಂಡು, ಇದ್ದಲ್ಲೇ ಉಚ್ಚೆ ಹೊಯ್ದುಕೊಂಡು ನಡುಗುತ್ತಾನೆ. ಅವನನ್ನು ಹೀಗೆ ಮಾಡಿದ್ದು ನಾನು 12,000 ರೂಪಾಯಿಗೆ ಗೊತ್ತು ಮಾಡಿದ ತರಬೇತುದಾರ. ಪಕ್ಕದಲ್ಲಿ ಕೈಕಟ್ಟಿ ನಿಂತು ನೋಡಿದವನು ನಾನು. ಚಿಕ್ಕಬಳ್ಳಾಪುರದ ಸುತ್ತಮುತ್ತ ಆತ ಇನ್ನೂ ನಾಯಿ ಪಳಗಿಸುತ್ತಿದ್ದಾನೆ ಎಂದು ಮೊನ್ನೆ ತಿಳಿಯಿತು, ಅದಕ್ಕೆ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಆದರೆ ಆತ ಮಾಡಿದ್ದೇನು ಎಂಬುದನ್ನು ತಿಳಿದಿದ್ದರೆ ಅಂಥವರು ಯಾರೇ ಬಂದರೂ ಗುರುತು ಸಿಗುತ್ತದೆ.

ನಮ್ಮ ನೀಲಿ ದ್ರಾಕ್ಷಿ ತೋಟ ಹೈದರಾಬಾದ್ ಹೆದ್ದಾರಿಯಿಂದ ಕೂಗಳತೆಯಲ್ಲಿದೆ. ನಾಲ್ಕು ತಿಂಗಳ ಮರಿಯಾಗಿದ್ದಾಗ ಬೆಲ್ಲ ಗೇಟು ನುಸುಳಿ ರಸ್ತೆಯ ನಡುವೆ ಹೋಗಿ ಕುಳಿತಿದ್ದ. ಲಾರಿಯವನು ಬ್ರೇಕ್ ಒತ್ತಿದ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ನನಗೆ ಬೇಕಿದ್ದದ್ದು ಎರಡೇ: ಕರೆದರೆ ಬರಬೇಕು, ನಿಲ್ಲು ಎಂದರೆ ಎಷ್ಟು ದೂರದಲ್ಲಿದ್ದರೂ ನಿಲ್ಲಬೇಕು. ಇವೆರಡಕ್ಕೆ ಬೇಟೆನಾಯಿ ಪಳಗಿಸುವ ಗನ್‌ಡಾಗ್ ಪದ್ಧತಿಯಷ್ಟು ಒಳ್ಳೆಯದು ಇನ್ನೊಂದಿಲ್ಲ ಎಂದು ಓದಿದ್ದೆ, ಈಗಲೂ ಹಾಗೇ ನಂಬಿದ್ದೇನೆ. ಲ್ಯಾಬ್ರಡಾರ್ ಮೂಲತಃ ಬೇಟೆಗಾರನ ಜೊತೆಗಾರ. ಬ್ರಿಟನ್ನಿನಲ್ಲಿ ಗುಂಡೇಟು ತಿಂದು ಬಿದ್ದ ಹಕ್ಕಿಯನ್ನು ಹಲ್ಲು ನಾಟಿಸದೆ ಎತ್ತಿ ತರುವುದಕ್ಕೆಂದೇ ಬೆಳೆಸಿದ ತಳಿ. ಪಳಗಿದ ನಾಯಿ ಉದ್ದನೆಯ ಒಂದು ಸೀಟಿಗೆ ಇದ್ದಲ್ಲೇ ಕುಳಿತು ಒಡೆಯನತ್ತ ನೋಡುತ್ತದೆ, ಗಿಡ್ಡ ಸೀಟಿಗಳಿಗೆ ಓಡಿ ಬರುತ್ತದೆ. ನಮ್ಮಲ್ಲಿ ವನ್ಯಜೀವಿ ಕಾಯ್ದೆಯಿಂದಾಗಿ ಈಗ ಬೇಟೆಯ ಮಾತೇ ಇಲ್ಲ. ಆದರೆ ಕೋವಿ ಬಿಟ್ಟು ಉಳಿದದ್ದನ್ನೆಲ್ಲ ಮನೆ ನಾಯಿಗೆ ಕಲಿಸಬಹುದು.

ಮೊದಲ ದಿನ ಆತ ಚೀಲದಿಂದ ಸೀಟಿ, ಕುಣಿಕೆ ಹಗ್ಗ, ಹಕ್ಕಿಯ ಬದಲಿಗೆ ಎಸೆಯುವ ಅರ್ಧ ಕಿಲೋದ ಕ್ಯಾನ್ವಾಸ್ ಡಮ್ಮಿ ತೆಗೆದ. ಅದನ್ನು 15 ಸಲ ಎಸೆದ, ಬೆಲ್ಲ 15 ಸಲವೂ ಚಿಗರೆಯಂತೆ ಓಡಿ ತಂದ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅಲ್ಲೇ ದಾರಿ ತಪ್ಪಿತ್ತು ಎಂದು ಗೊತ್ತಾದದ್ದು ತಡವಾಗಿ. ಈ ಪದ್ಧತಿಯ ಮೊದಲ ಪಾಠ ಓಡುವುದಲ್ಲ, ಕುಳಿತುಕೊಳ್ಳುವುದು. ಡಮ್ಮಿ ಬೀಳುತ್ತದೆ, ನಾಯಿ ಕುಳಿತೇ ಇರುತ್ತದೆ, ಹೆಚ್ಚಿನ ಸಲ ಒಡೆಯನೇ ನಡೆದುಹೋಗಿ ಎತ್ತಿಕೊಂಡು ಬರುತ್ತಾನೆ. ಬಿದ್ದದ್ದೆಲ್ಲ ತನ್ನದಲ್ಲ ಎಂಬುದು ನಾಯಿಗೆ ಮನದಟ್ಟಾಗಬೇಕು. ಅದನ್ನು ಬಿಟ್ಟಿದ್ದರಿಂದ ಎರಡೇ ವಾರದಲ್ಲಿ ಬೆಲ್ಲ ಕೋಳಿ, ಮಕ್ಕಳ ಚೆಂಡು, ಕೊನೆಗೆ ಸ್ಕೂಟರುಗಳ ಹಿಂದೆ ಬಿದ್ದ. ಹೆದ್ದಾರಿಯಿಂದ ಉಳಿಸಲು ದುಡ್ಡು ಕೊಟ್ಟು, ಹೆದ್ದಾರಿಗೇ ಓಡುವ ನಾಯಿಯನ್ನು ಮಾಡಿಸಿಕೊಂಡೆ.

ಆಗ ಅವನಿಗೆ ಐದು ತಿಂಗಳು, ಹಾಲುಹಲ್ಲು ಉದುರುವ ಕಾಲ. ಒಂದು ಸಂಜೆ ಡಮ್ಮಿ ತೊಳೆಯಲು ಹೋದರೆ ಕ್ಯಾನ್ವಾಸಿನ ಮೇಲೆ ಕಂದು ಕಲೆ. ಉಜ್ಜಿದೆ. ಬೆರಳಿಗೆ ಏನೋ ಚುಚ್ಚಿತು. ನೇಯ್ಗೆಯಲ್ಲಿ ಸಿಕ್ಕಿಕೊಂಡಿದ್ದ ಅಕ್ಕಿಕಾಳಿನಷ್ಟು ಕೋರೆಹಲ್ಲು. ಮರುದಿನ ತೋರಿಸಿದರೆ ಆತ ನಕ್ಕು, "ಎಲ್ಲ ಮರಿಗೂ ಉದುರುತ್ತದೆ ಸರ್" ಎಂದ. ಉದುರುತ್ತದೆ, ನಿಜ. ಆದರೆ ವಸಡು ಊದಿದ ಮರಿಗೆ ಭಾರದ ಡಮ್ಮಿ ಕಚ್ಚಿಸುವವನು ಪಳಗಿದ ತರಬೇತುದಾರನಲ್ಲ. ನೋವಿನಿಂದ ಬೆಲ್ಲ ಡಮ್ಮಿಯನ್ನು ಅರ್ಧದಾರಿಯಲ್ಲಿ ಬಿಡತೊಡಗಿದ. ಅದಕ್ಕೆ ಆತ ಕಿವಿಯ ತುದಿ ಹಿಂಡಿ, ಕಿರುಚಲು ಬಾಯಿ ತೆರೆದಾಗ ಡಮ್ಮಿ ತುರುಕಿದ. ಅಮೆರಿಕದ ಕೆಲವರು ಹೀಗೂ ಮಾಡುತ್ತಾರಂತೆ, ಅದೂ ಬೆಳೆದ ನಾಯಿಗೆ. ಹೀರೆ ಬಿಡಿಸುತ್ತಿದ್ದ ಅಮ್ಮ ಅಲ್ಲಿಂದಲೇ ಕೂಗಿದಳು: "ಮೇಷ್ಟ್ರು ಕಿವಿ ಹಿಂಡಿ ಕಲಿಸಿದ ಹದಿನೇಳರ ಮಗ್ಗಿ ನಿನಗೆ ಈಗ ಬರುತ್ತದೇನೋ?" ಬರುವುದಿಲ್ಲ. ಆದರೂ ಬಾಯಿ ಮುಚ್ಚಿಕೊಂಡಿದ್ದೆ. ಅರ್ಧ ದುಡ್ಡು ಮುಂಗಡ ಕೊಟ್ಟಾಗಿತ್ತು.

ಮೂರನೆಯ ವಾರ ಸದ್ದಿನ ಅಭ್ಯಾಸಕ್ಕೆಂದು ಪಟಾಕಿ ಬಂತು. ದ್ರಾಕ್ಷಿಗೆ ಬರುವ ಹಕ್ಕಿ ಓಡಿಸಲು ನಾವೂ ಪಟಾಕಿ ಹೊಡೆಯುವವರೇ, ಹಾಗಾಗಿ ನನಗೆ ಅನುಮಾನ ಬರಲಿಲ್ಲ. ಆತ ಸೀಟಿ ಊದಿದ, ಬೆಲ್ಲ ಕುಳಿತ, ಆರಡಿ ದೂರದಲ್ಲಿ ಲಕ್ಷ್ಮಿ ಪಟಾಕಿ ಸಿಡಿಯಿತು. ಮತ್ತೆ ಸೀಟಿ, ಮತ್ತೆ ಪಟಾಕಿ. ಮೂರನೆಯ ಸೀಟಿಗೆ, ಪಟಾಕಿ ಹಚ್ಚುವ ಮೊದಲೇ, ಹಗ್ಗ ಕಿತ್ತುಕೊಂಡು ಚಪ್ಪರದ ತಂತಿಗಳ ಕೆಳಗೆ ನುಸುಳಿ ಓಡಿದ. ನಾಲ್ಕು ತಾಸು ಹುಡುಕಿದೆವು. ಕೊನೆಗೆ ನೀಲಗಿರಿ ತೋಪಿನಲ್ಲಿ ಸಿಕ್ಕಿದ್ದು ತೋಟದ ಕೆಲಸಕ್ಕೆ ಬರುವ ಅಕ್ಕನಿಗೆ. ತರಬೇತುದಾರ ಹೇಳಿದ್ದು ಒಂದೇ ಮಾತು: "ಇದು ಹೇಡಿ ನಾಯಿ, ಬೇರೆ ಮರಿ ತನ್ನಿ." ಆಮೇಲೆ ಫೋನ್ ಎತ್ತಲಿಲ್ಲ.

ಸದ್ದಿನ ಅಭ್ಯಾಸ ಮಾಡಿಸುವ ರೀತಿಯೇ ಬೇರೆ. ನೂರಾರು ಅಡಿ ಆಚೆ ಇನ್ನೊಬ್ಬರು ಸಣ್ಣ ಸದ್ದು ಮಾಡುತ್ತಾರೆ. ಇತ್ತ ನಾಯಿ ಊಟದಲ್ಲೋ ಆಟದಲ್ಲೋ ಮುಳುಗಿರುತ್ತದೆ. ಬಾಲ ಇಳಿಯದಿದ್ದರೆ ಮಾತ್ರ ಇನ್ನೊಂದು ದಿನ ಸ್ವಲ್ಪ ಹತ್ತಿರ. ಬೆಚ್ಚಿದರೆ ಮತ್ತೆ ದೂರ. "ಧೈರ್ಯ ಪರೀಕ್ಷೆ ಮಾಡೋಣ" ಎಂದು ತಲೆಯ ಬಳಿ ಸಿಡಿಸುವವನು ಬಂದರೆ ಚಹಾ ಕೊಟ್ಟು ಕಳುಹಿಸಿ. ಮುಂಗಡ ಕೊಡುವ ಮೊದಲು ಆತನ ಸ್ವಂತ ನಾಯಿಯನ್ನು ನೋಡಬೇಕು ಎಂದು ಕೇಳಿ. ನಾನು ಕೇಳಲಿಲ್ಲ. 30 ದಿನದಲ್ಲಿ ಎಲ್ಲ ಮುಗಿಸುತ್ತೇನೆ ಎಂದದ್ದೇ ನನಗೆ ರುಚಿಸಿತ್ತು. ನಮ್ಮಲ್ಲಿ ಬಳ್ಳಿ ನೆಟ್ಟ ಮೂವತ್ತೇ ದಿನಕ್ಕೆ ಹಣ್ಣು ಎಂದಿದ್ದರೆ ಅಟ್ಟಿಸಿಕೊಂಡು ಹೋಗುತ್ತಿದ್ದೆ.

ಪಶು ಆಸ್ಪತ್ರೆಯ ವೈದ್ಯರ ಸಲಹೆಯಂತೆ ಆ ಸೀಟಿಯನ್ನು ಕೈಬಿಟ್ಟಿದ್ದೇವೆ. ಹೆದರಿಕೆ ಅಂಟಿದ ಸದ್ದಿನಲ್ಲಿ ಪಾಠ ಹತ್ತುವುದಿಲ್ಲ. ಬೆಲ್ಲನಿಗೆ ಆ ಸೀಟಿಯಂತೆಯೇ ಕೇಳುವ ಕುಕ್ಕರ್ ಸದ್ದನ್ನು ದಿನಾ ಸಂಜೆ ಮೊಬೈಲಿನಲ್ಲಿ ಪಿಸುಮಾತಿನಷ್ಟು ಸಣ್ಣಗೆ ಹಾಕಿ ಬೇಯಿಸಿದ ಕೋಳಿ ತಿನ್ನಿಸುತ್ತೇನೆ. ತಿನ್ನುವುದನ್ನು ನಿಲ್ಲಿಸಿದರೆ ಸದ್ದು ಜಾಸ್ತಿಯಾಯಿತು ಎಂದರ್ಥ. ಕರೆಯುವುದಕ್ಕೆ ಈಗ ಆ ಅಕ್ಕನ ತೆಲುಗೇ ಗತಿ. "ರಾ ನಾಯನಾ ರಾ" ಎಂದರೆ ಎಲ್ಲಿದ್ದರೂ ಬರುತ್ತಾನೆ. ದೂರದಲ್ಲಿ ನಿಲ್ಲಿಸುವುದು ಇನ್ನೂ ಬಂದಿಲ್ಲ, ಗೇಟಿಗೆ ಬೀಗ ಹಾಕಿದ್ದೇವೆ. ಮೊನ್ನೆ ಪಕ್ಕದ ಮನೆಯ ಕುಕ್ಕರ್ ಮೂರು ಸಲ ಕೂಗಿತು. ಬೆಲ್ಲ ಎದ್ದು ಮಂಚದಡಿ ಹೋದ. ನೆಲ ಮಾತ್ರ ಒದ್ದೆಯಾಗಿರಲಿಲ್ಲ, ಬಾಲ ಹೊರಗೇ ಇತ್ತು.