ನಲವತ್ತು ಕಂಪ್ಯೂಟರಿಗೆ ಒಂದೇ ಇಮೇಜು: ಫಾಗ್ ಸರ್ವರ್ ಹಾಕಿಸಬಹುದೇ?

ಒಂದೇ ಮಾಡೆಲಿನ ಇಪ್ಪತ್ತಕ್ಕಿಂತ ಹೆಚ್ಚು ಯಂತ್ರಗಳಿರುವ ಕಾಲೇಜು ಲ್ಯಾಬಿಗೆ ಫಾಗ್ ಹಾಕಿಸಿ. ಹತ್ತು ಯಂತ್ರಗಳು, ಹತ್ತೂ ಬೇರೆ ಬೇರೆ ಕಂಪನಿಯವು ಎನ್ನುವಂಥ ಕಚೇರಿಗೆ ಬೇಡ. ಫಾಗ್ ಮಾಡುವ ಕೆಲಸ ಏನೆಂದು ತಿಳಿದರೆ ಈ ತೀರ್ಪಿನ ಕಾರಣವೂ ತಿಳಿಯುತ್ತದೆ. ಅದು ಆಪರೇಟಿಂಗ್ ಸಿಸ್ಟಮನ್ನು ಹೊಸದಾಗಿ ಇನ್‌ಸ್ಟಾಲ್ ಮಾಡುವುದಿಲ್ಲ. ಎಲ್ಲ ಸಾಫ್ಟ್‌ವೇರ್ ಹಾಕಿ ಸಿದ್ಧಪಡಿಸಿದ ಒಂದು ಮಾಸ್ಟರ್ ಯಂತ್ರದ ಡಿಸ್ಕನ್ನು ಇಮೇಜಾಗಿ, ಅಂದರೆ ಇಡೀ ಡಿಸ್ಕಿನ ನಕಲಾಗಿ, ಸೆರೆಹಿಡಿದು, ನೆಟ್‌ವರ್ಕ್ ಮೂಲಕ ಉಳಿದ ಯಂತ್ರಗಳಿಗೆ ಸುರಿಯುತ್ತದೆ. ಪೂರ್ತಿ ಉಚಿತ, ಮುಕ್ತ ತಂತ್ರಾಂಶ. ಒಳಗೆ ಇರುವುದೆಲ್ಲ ಹಳೆಯ ನಂಬಿಕಸ್ಥ ಸಲಕರಣೆಗಳೇ: ಬೂಟ್ ಆಗಲು ಐಪಿಎಕ್ಸ್‌ಇ ಮತ್ತು ಟಿಎಫ್‌ಟಿಪಿ, ಇಮೇಜ್ ಸಾಗಿಸಲು ಎನ್‌ಎಫ್‌ಎಸ್, ಡಿಸ್ಕ್ ಓದಿ ಬರೆಯಲು ಪಾರ್ಟ್‌ಕ್ಲೋನ್, ಎಲ್ಲದರ ಮೇಲೆ ಪಿಎಚ್‌ಪಿಯಲ್ಲಿ ಬರೆದ ವೆಬ್ ಪುಟ.

ಸರ್ವರಿಗಾಗಿ ದುಡ್ಡು ಸುರಿಯಬೇಕಿಲ್ಲ. ಇಮೇಜನ್ನು ಕಂಪ್ರೆಸ್ ಮಾಡುವುದೂ ಬಿಚ್ಚುವುದೂ ಕ್ಲೈಂಟ್ ಯಂತ್ರದ, ಅಂದರೆ ಲ್ಯಾಬಿನ ಕಂಪ್ಯೂಟರಿನ, ಪ್ರೊಸೆಸರ್. ಸರ್ವರ್ ಬರೀ ಫೈಲು ಬಡಿಸುತ್ತದೆ. ಹಳೆಯ ಐ3 ಡೆಸ್ಕ್‌ಟಾಪ್, 8 ಜಿಬಿ ರ‍್ಯಾಮ್ ಸಾಕು. ಉಳಿಸಿದ ಹಣವನ್ನು 1 ಟಿಬಿ ಎಸ್‌ಎಸ್‌ಡಿಗೂ ಗಿಗಾಬಿಟ್ ಸ್ವಿಚ್ಚಿಗೂ ಹಾಕಿ. ಕಂಪ್ರೆಸ್ ಆದ ಇಮೇಜು 20 ಜಿಬಿ ಎಂದಿಟ್ಟುಕೊಳ್ಳಿ. 100 ಎಂಬಿಪಿಎಸ್ ಸ್ವಿಚ್ಚಿನಲ್ಲಿ ಒಂದು ಯಂತ್ರಕ್ಕೇ ಅರ್ಧ ಗಂಟೆ ಹಿಡಿಯುತ್ತದೆ. ಗಿಗಾಬಿಟ್ ಆದರೆ ತಂತಿಯ ಲೆಕ್ಕದಲ್ಲಿ ಸುಮಾರು ಮೂರು ನಿಮಿಷ. ಆಮೇಲೆ ತಡವಾಗುವುದು ಕ್ಲೈಂಟಿನ ಹಾರ್ಡ್ ಡಿಸ್ಕಿನಿಂದಲೇ ಹೊರತು ನೆಟ್‌ವರ್ಕಿನಿಂದಲ್ಲ.

ಇನ್‌ಸ್ಟಾಲ್ ಮಾಡುವುದು ಸುಲಭ. ಡೆಬಿಯನ್ 12 ಹಾಕಿ, ಸರ್ವರಿಗೆ ಸ್ಟ್ಯಾಟಿಕ್ ಐಪಿ ಕೊಟ್ಟು, ಗಿಟ್‌ಹಬ್‌ನಿಂದ ಫಾಗ್ ಕೋಡ್ ಇಳಿಸಿಕೊಂಡು ಅದರ ಬಿನ್ ಫೋಲ್ಡರಿನಲ್ಲಿರುವ ಇನ್‌ಸ್ಟಾಲ್ ಸ್ಕ್ರಿಪ್ಟನ್ನು ರೂಟ್ ಆಗಿ ಓಡಿಸಿದರೆ ಅದು ಒಂದೊಂದೇ ಪ್ರಶ್ನೆ ಕೇಳುತ್ತ ಹೋಗುತ್ತದೆ. ಕೊನೆಯ ಹಂತದಲ್ಲಿ ಅವಸರ ಬೇಡ. ಬ್ರೌಸರಿನಲ್ಲಿ ಫಾಗ್ ಪುಟ ತೆರೆದು ಡೇಟಾಬೇಸ್ ಇನ್‌ಸ್ಟಾಲ್ ಬಟನ್ ಒತ್ತಿದ ಮೇಲೆಯೇ ಟರ್ಮಿನಲ್‌ಗೆ ಮರಳಿ ಎಂಟರ್ ಒತ್ತಬೇಕು. ಮೊದಲ ಲಾಗಿನ್ ಹೆಸರು ಫಾಗ್, ಪಾಸ್‌ವರ್ಡು ಪಾಸ್‌ವರ್ಡ್ ಎಂಬ ಪದವೇ. ಇಡೀ ಲೋಕಕ್ಕೇ ಗೊತ್ತಿರುವ ಗುಟ್ಟು ಅದು, ಕೂಡಲೇ ಬದಲಿಸಿ.

ನಿಜವಾದ ಪೇಚಾಟ ಯಂತ್ರಗಳಿಗೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿಯಲ್ಲಿ. ಇನ್‌ಸ್ಟಾಲರ್ ನಡುವೆ ‘ಡಿಎಚ್‌ಸಿಪಿ ಸೇವೆ ಈ ಸರ್ವರಿನಿಂದಲೇ ಕೊಡಲೇ?’ ಎಂದು ಕೇಳುತ್ತದೆ. ಕಾಲೇಜಿನ ಸಾಮಾನ್ಯ ನೆಟ್‌ವರ್ಕಿಗೆ ಸೇರಿದ ಸರ್ವರಿನಲ್ಲಿ ಇದಕ್ಕೆ ಹೂಂ ಎಂದರೆ ಎರಡು ಡಿಎಚ್‌ಸಿಪಿಗಳು ಒಂದೇ ತಂತಿಯ ಮೇಲೆ ಕಚ್ಚಾಡಿ, ಪ್ರಿನ್ಸಿಪಾಲರ ಕೊಠಡಿಯ ಪ್ರಿಂಟರಿಗೂ ತಪ್ಪು ಐಪಿ ಹೋಗುತ್ತದೆ. ಲ್ಯಾಬಿಗೆ ಬೇರೆಯೇ ವಿಲ್ಯಾನ್ (ಒಂದೇ ಸ್ವಿಚ್ಚಿನೊಳಗೆ ಬೇರ್ಪಡಿಸಿದ ನೆಟ್‌ವರ್ಕ್) ಅಥವಾ ಬೇರೆಯೇ ಸ್ವಿಚ್ ಇದ್ದರೆ ಮಾತ್ರ ಹೂಂ ಎನ್ನಿ. ಇಲ್ಲದಿದ್ದರೆ ಈಗಿರುವ ಡಿಎಚ್‌ಸಿಪಿಯಲ್ಲಿ ಆಪ್ಷನ್ 66ಕ್ಕೆ ಫಾಗ್ ಸರ್ವರಿನ ಐಪಿಯನ್ನೂ 67ಕ್ಕೆ ಬೂಟ್ ಫೈಲಿನ ಹೆಸರನ್ನೂ ಹಾಕಬೇಕು. ಇಂಟರ್ನೆಟ್ ಕಂಪನಿ ಕೊಟ್ಟ ಅಗ್ಗದ ರೌಟರಿನಲ್ಲಿ ಈ ಆಪ್ಷನ್ನುಗಳೇ ಸಿಗದಿದ್ದರೆ ಡಿಎನ್‌ಎಸ್‌ಮಾಸ್ಕ್ ಎಂಬ ಪುಟ್ಟ ತಂತ್ರಾಂಶವನ್ನು ಪ್ರಾಕ್ಸಿ ಡಿಎಚ್‌ಸಿಪಿಯಾಗಿ ಓಡಿಸಿ. ಐಪಿ ಹಂಚುವ ಕೆಲಸವನ್ನು ರೌಟರಿಗೇ ಬಿಟ್ಟು, ಎಲ್ಲಿಂದ ಬೂಟ್ ಆಗಬೇಕು ಎಂಬುದನ್ನಷ್ಟೇ ಅದು ಹೇಳುತ್ತದೆ. ಫೈರ್‌ವಾಲಿನಲ್ಲಿ ಯುಡಿಪಿ 69 ಮತ್ತು 4011 ಎರಡೂ ತೆರೆದಿರಲಿ.

ಹಳೆಯ ಬಯೋಸ್ ಯಂತ್ರಕ್ಕೆ ಬೇಕಾದ ಬೂಟ್ ಫೈಲು ‘ಅಂಡಿಓನ್ಲಿ.ಕೆಪಿಎಕ್ಸ್‌ಇ’, ಹೊಸ ಬಗೆಯ ಫರ್ಮ್‌ವೇರಾದ ಯುಇಎಫ್‌ಐ ಇರುವ ಯಂತ್ರಕ್ಕೆ ಬೇಕಾದದ್ದು ‘ಐಪಿಎಕ್ಸ್‌ಇ.ಇಎಫ್‌ಐ’. ಒಂದರ ಫೈಲನ್ನು ಇನ್ನೊಂದಕ್ಕೆ ಕೊಟ್ಟರೆ ಫೈಲು ಇಳಿದಂತೆ ಕಂಡರೂ ಬೂಟ್ ಆಗುವುದಿಲ್ಲ. ಎರಡೂ ಬಗೆಯವು ಲ್ಯಾಬಿನಲ್ಲಿದ್ದರೆ ಯಂತ್ರ ತನ್ನ ಬಗೆಯನ್ನು ಹೇಳುವ ಡಿಎಚ್‌ಸಿಪಿ ಆಪ್ಷನ್ 93 ನೋಡಿ ಹಂಚುವಂತೆ ಬರೆಯಬೇಕು: 0 ಬಂದರೆ ಬಯೋಸ್, 7 ಬಂದರೆ 64 ಬಿಟ್ ಯುಇಎಫ್‌ಐ. ಕೆಲವು ನೆಟ್‌ವರ್ಕ್ ಕಾರ್ಡುಗಳು ಐಪಿಎಕ್ಸ್‌ಇಯ ಸ್ವಂತ ಡ್ರೈವರಿಗೆ ಒಗ್ಗದೆ ನಿಂತುಬಿಡುತ್ತವೆ. ಅಂಥಲ್ಲಿ ‘ಎಸ್‌ಎನ್‌ಪಿಓನ್ಲಿ.ಇಎಫ್‌ಐ’ ಕೊಟ್ಟರೆ ಯಂತ್ರದ ಫರ್ಮ್‌ವೇರಿನಲ್ಲಿರುವ ಡ್ರೈವರನ್ನೇ ಬಳಸಿ ಮುಂದೆ ಸಾಗುತ್ತದೆ.

ಇನ್ನು ಸ್ವಿಚ್ಚಿನ ಸ್ಪ್ಯಾನಿಂಗ್ ಟ್ರೀ, ಅಂದರೆ ತಂತಿಗಳು ಸುತ್ತುಗಟ್ಟದಂತೆ ಕಾಯುವ ವ್ಯವಸ್ಥೆ. ಹಳೆಯ ಬಗೆಯದಾದರೆ ತಂತಿಯಲ್ಲಿ ಲಿಂಕ್ ಬಂದ ಮೇಲೂ ಪೋರ್ಟು 30 ಸೆಕೆಂಡು ಡೇಟಾ ಬಿಡುವುದಿಲ್ಲ. ಫಾಗ್‌ನಲ್ಲಿ ಲಿಂಕು ಒಮ್ಮೆಯಲ್ಲ, ಹಂತಹಂತಕ್ಕೂ ಹೋಗಿ ಬರುತ್ತದೆ. ಮೊದಲ ಹಂತದಲ್ಲಿ ಐಪಿ ಸಿಕ್ಕಿ, ಐಪಿಎಕ್ಸ್‌ಇ ಶುರುವಾದ ಮೇಲೆ ಡಿಎಚ್‌ಸಿಪಿ ಸಿಗುತ್ತಿಲ್ಲ ಎಂದು ಯಂತ್ರ ನಿಂತರೆ ಸರ್ವರನ್ನು ಕೆದಕಲು ಹೋಗಬೇಡಿ, ಸ್ವಿಚ್ಚಿನಲ್ಲಿ ಈ ಕಾಯುವಿಕೆ ತಪ್ಪಿಸುವ ಪೋರ್ಟ್‌ಫಾಸ್ಟ್ ಆನ್ ಮಾಡಿ. ಅನುಮಾನ ಇನ್ನೂ ಇದ್ದರೆ ಯಂತ್ರಕ್ಕೂ ಗೋಡೆಯ ಸಾಕೆಟ್ಟಿಗೂ ನಡುವೆ ಒಂದು ಐದು ಪೋರ್ಟಿನ ಅಗ್ಗದ ಸ್ವಿಚ್ ಸಿಕ್ಕಿಸಿ. ಆಗ ಗೋಡೆಯ ಕಡೆಯ ಲಿಂಕು ಕಡಿಯುವುದಿಲ್ಲ, ಬೂಟ್ ಆಯಿತೆಂದರೆ ಕಳ್ಳ ಸಿಕ್ಕ ಹಾಗೆ.

ಕ್ಲೈಂಟಿನ ಬಯೋಸ್ ಸೆಟ್ಟಿಂಗಿನಲ್ಲಿ ಸಹಿಯಿಲ್ಲದ ಬೂಟ್ ಫೈಲನ್ನು ತಡೆಯುವ ಸೆಕ್ಯೂರ್ ಬೂಟ್ ಆಫ್ ಇರಲೇಬೇಕು. ಫಾಗ್‌ನ ಬೂಟ್ ಫೈಲಿಗೆ ಮೈಕ್ರೋಸಾಫ್ಟಿನ ಸಹಿ ಇಲ್ಲ. ನಲವತ್ತು ಯಂತ್ರಗಳಿಗೂ ಕೈಯಾರೆ ಹೋಗಿ ಇದನ್ನು ಬದಲಿಸಬೇಕಾಗುವುದು ಫಾಗ್‌ನ ದೊಡ್ಡ ಕಿರಿಕಿರಿ. ಅಲ್ಲಿಗೆ ಹೋದಾಗಲೇ ಡಿಸ್ಕ್ ಕಂಟ್ರೋಲರಿನ ಮೋಡನ್ನೂ ನೋಡಿ. ಬ್ರ್ಯಾಂಡೆಡ್ ಡೆಸ್ಕ್‌ಟಾಪುಗಳು ಎಷ್ಟೋ ಸಲ ರೇಡ್ ಮೋಡಿನಲ್ಲಿ ಬರುತ್ತವೆ. ಆಗ ಫಾಗ್‌ಗೆ ಎನ್‌ವಿಎಂಇ ಡಿಸ್ಕು ಕಾಣುವುದಿಲ್ಲ. ಸಾದಾ ಮೋಡಾದ ಎಎಚ್‌ಸಿಐಗೆ ಬದಲಿಸಬೇಕು, ಅದೂ ಮಾಸ್ಟರಿಗೆ ವಿಂಡೋಸ್ ಹಾಕುವ ಮೊದಲೇ. ಹಾಕಿದ ಮೇಲೆ ನೇರವಾಗಿ ಬದಲಿಸಿದರೆ ನೀಲಿ ತೆರೆ ಎದುರಾಗುತ್ತದೆ.

ಮಾಸ್ಟರ್ ಯಂತ್ರವನ್ನು ಇಂಟರ್ನೆಟ್ಟಿನಿಂದ ಬಿಡಿಸಿ ಸಿದ್ಧಪಡಿಸಿ. ವಿಂಡೋಸ್ ಮೊದಲ ಪರದೆ ತೋರಿಸಿದಾಗ ಕಂಟ್ರೋಲ್, ಶಿಫ್ಟ್, ಎಫ್3 ಒಟ್ಟಿಗೆ ಒತ್ತಿದರೆ, ಬಳಕೆದಾರನ ಖಾತೆ ಮಾಡುವ ಮೊದಲೇ ಸಾಫ್ಟ್‌ವೇರ್ ಹಾಕಲು ಬಿಡುವ ಆಡಿಟ್ ಮೋಡ್ ಬರುತ್ತದೆ. ಪೈಥಾನ್, ಮೈಎಸ್‌ಕ್ಯೂಎಲ್, ಆಫೀಸ್, ಕನ್ನಡ ಟೈಪಿಂಗಿಗೆ ನುಡಿ, ಎಲ್ಲವನ್ನೂ ಅಲ್ಲೇ ಹಾಕಿ. ನೆಟ್ ಇದ್ದರೆ ಸ್ಟೋರ್ ಆ್ಯಪುಗಳು ಒಬ್ಬ ಬಳಕೆದಾರನಿಗಷ್ಟೇ ಅಪ್‌ಡೇಟ್ ಆಗಿ ಕೂರುತ್ತವೆ. ಕೊನೆಯಲ್ಲಿ, ವಿಂಡೋಸನ್ನು ನಕಲಿಗೆ ಅಣಿಗೊಳಿಸುವ ಸಿಸ್‌ಪ್ರೆಪ್ ಅದನ್ನೇ ನೆಪ ಮಾಡಿಕೊಂಡು ನಿಂತುಬಿಡುತ್ತದೆ. ಯಾವ ಆ್ಯಪು ಅಡ್ಡಬಂತು ಎಂಬುದು ಸಿಸ್‌ಪ್ರೆಪ್ ಫೋಲ್ಡರಿನೊಳಗಿನ ಪ್ಯಾಂಥರ್ ಲಾಗಿನಲ್ಲಿ ಹೆಸರಿನ ಸಮೇತ ಇರುತ್ತದೆ, ಅದೊಂದನ್ನು ತೆಗೆದರೆ ಸಾಕು. ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿ ಬೀಗ ಹಾಕುವ ಬಿಟ್‌ಲಾಕರ್ ಆನ್ ಆಗಿಲ್ಲವೆಂದೂ ಖಾತ್ರಿ ಮಾಡಿಕೊಳ್ಳಿ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಡಿವೈಸ್ ಎನ್‌ಕ್ರಿಪ್ಷನ್ ಮೊದಲಿಗಿಂತ ಹೆಚ್ಚು ಯಂತ್ರಗಳಲ್ಲಿ ಕೇಳದೆಯೇ ಶುರುವಾಗುತ್ತದೆ. ಎನ್‌ಕ್ರಿಪ್ಟ್ ಆದ ವಿಭಾಗವನ್ನು ಫಾಗ್ ಕುಗ್ಗಿಸಲಾರದು. ಫಾಸ್ಟ್ ಸ್ಟಾರ್ಟಪ್ ಕೂಡ ಆಫ್ ಆಗಿರಲಿ. ಅದು ಆನ್ ಇದ್ದರೆ ಯಂತ್ರ ಅರೆನಿದ್ದೆಯಲ್ಲಿ ಮಲಗಿರುತ್ತದೆ, ಫಾಗ್ ಆ ಡಿಸ್ಕನ್ನು ಮುಟ್ಟಲು ಒಪ್ಪುವುದಿಲ್ಲ.

ಪಕ್ಕದಲ್ಲಿ ಉಬುಂಟು ಕೂಡ ಬೇಕೆಂದರೆ ಇನ್‌ಸ್ಟಾಲ್ ಮಾಡುವಾಗ ಎಲ್‌ವಿಎಂ (ಡಿಸ್ಕ್ ಜಾಗವನ್ನು ಬೇಕಾದಂತೆ ಹಿಗ್ಗಿಸಿ ಕುಗ್ಗಿಸುವ ಲಿನಕ್ಸ್ ವ್ಯವಸ್ಥೆ) ಆರಿಸಬೇಡಿ, ಸಾದಾ ಎಕ್ಸ್‌ಟಿ4 ಸಾಕು. ಎಲ್‌ವಿಎಂ ವಿಭಾಗವನ್ನು ಫಾಗ್ ಖಾಲಿ ಜಾಗದ ಸಮೇತ ಏನನ್ನೂ ಬಿಡದೆ ಇಡಿಯಾಗಿ ನಕಲು ಮಾಡುವುದರಿಂದ ವಿಪರೀತ ಹೊತ್ತು ಹಿಡಿಯುತ್ತದೆ.

ಇಮೇಜ್ ಬಗೆಯಲ್ಲಿ ‘ಸಿಂಗಲ್ ಡಿಸ್ಕ್ ರೀಸೈಜಬಲ್’ ಆರಿಸಿದರೆ 500 ಜಿಬಿ ಮಾಸ್ಟರಿನಿಂದ ತೆಗೆದದ್ದು 256 ಜಿಬಿ ಡಿಸ್ಕಿಗೂ ಹೊಂದುತ್ತದೆ. ಕಂಪ್ರೆಷನ್ನಿಗೆ ಜಿಜಿಪ್‌ಗಿಂತ ಜಡ್‌ಎಸ್‌ಟಿಡಿ ವಾಸಿ, ಬಿಚ್ಚುವಾಗ ಚುರುಕು. ಸೆರೆಹಿಡಿಯುವಿಕೆ ನೂರು ಶೇಕಡಾ ಮುಗಿದು ಕೊನೆಗೆ ಎಫ್‌ಟಿಪಿ ದೋಷ ಬಂದರೆ ಇಮೇಜು ಹಾಳಾಗಿಲ್ಲ. ಅದು ಇಮೇಜಸ್ ಫೋಲ್ಡರಿನೊಳಗಿನ ಡೆವ್ ಫೋಲ್ಡರಿನಲ್ಲಿ ಮ್ಯಾಕ್ ವಿಳಾಸದ (ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ) ಹೆಸರಿನಲ್ಲಿ ಕೂತಿರುತ್ತದೆ. ಯಾರೋ ಲಿನಕ್ಸಿನಲ್ಲಿ ಫಾಗ್‌ಪ್ರಾಜೆಕ್ಟ್ ಖಾತೆಯ ಪಾಸ್‌ವರ್ಡ್ ಬದಲಿಸಿರುತ್ತಾರೆ, ವೆಬ್ ಪುಟದ ಸ್ಟೋರೇಜ್ ನೋಡಿನಲ್ಲಿ ಹಳೆಯದೇ ಉಳಿದಿರುತ್ತದೆ. ಎರಡನ್ನೂ ಒಂದಾಗಿಸಿ. ಆ ಖಾತೆ ಫಾಗ್‌ನ ಒಳಬಳಕೆಗೆ ಮಾತ್ರ, ಅದರಲ್ಲಿ ಲಾಗಿನ್ ಆಗುವ ರೂಢಿ ಇಟ್ಟುಕೊಳ್ಳಬೇಡಿ.

ಹಂಚುವಾಗ ಯುನಿಕಾಸ್ಟೋ (ಒಂದೊಂದು ಯಂತ್ರಕ್ಕೂ ಬೇರೆ ಬೇರೆಯಾಗಿ) ಮಲ್ಟಿಕಾಸ್ಟೋ (ಎಲ್ಲಕ್ಕೂ ಒಟ್ಟಿಗೆ)? ಯುನಿಕಾಸ್ಟಿನಲ್ಲಿ 20 ಜಿಬಿಯ ಇಮೇಜು ನಲವತ್ತು ಯಂತ್ರಕ್ಕೆ ಹೋಗಲು ಸರ್ವರಿನ ಒಂದು ಗಿಗಾಬಿಟ್ ಪೋರ್ಟಿನಿಂದ 800 ಜಿಬಿ ಹೊರಬೀಳಬೇಕು, ಅಂದರೆ ಸುಮಾರು ಎರಡು ಗಂಟೆ. ಒಂದು ಸಲಕ್ಕೆ ಹತ್ತೇ ಯಂತ್ರ ಎಂಬ ಮಿತಿ ಮೊದಲಿಂದ ಇರುತ್ತದೆ, ಅದನ್ನು ಏರಿಸಿದರೂ ಒಟ್ಟು ಹೊತ್ತು ಕಡಿಮೆಯಾಗದು. ಮಲ್ಟಿಕಾಸ್ಟಿನಲ್ಲಿ ಅದೇ 20 ಜಿಬಿ ಒಂದೇ ಸಲ ಹೊರಟು ಎಲ್ಲರಿಗೂ ತಲುಪುತ್ತದೆ. ಆದರೆ ಸಾಲಿನಲ್ಲಿ ಒಂದು ಹಾರ್ಡ್ ಡಿಸ್ಕು ಸಾಯುವ ಹಂತದಲ್ಲಿದ್ದರೆ ಉಳಿದ ಮೂವತ್ತೊಂಬತ್ತೂ ಅದರ ವೇಗಕ್ಕೇ ಇಳಿಯುತ್ತವೆ. ನಿಧಾನದ ಯಂತ್ರವನ್ನು ಗುಂಪಿನಿಂದ ತೆಗೆದು ಬೇರೆಯಾಗಿ ಮಾಡಿ. ಸ್ವಿಚ್ಚಿನಲ್ಲಿ ಐಜಿಎಂಪಿ ಸ್ನೂಪಿಂಗ್ (ಮಲ್ಟಿಕಾಸ್ಟನ್ನು ಬೇಕಾದ ಪೋರ್ಟಿಗಷ್ಟೇ ಬಿಡುವ ಸೌಲಭ್ಯ) ಆನ್ ಇದ್ದು, ಯಾರಿಗೆ ಬೇಕೆಂದು ಆಗಾಗ ಕೇಳುವ ಕ್ವೆರಿಯರ್ ಇಲ್ಲದಿದ್ದರೆ ಹಂಚಿಕೆ ಚೆನ್ನಾಗಿ ಶುರುವಾಗಿ ಕೆಲವು ನಿಮಿಷಕ್ಕೆ ಸ್ತಬ್ಧವಾಗುತ್ತದೆ. ಯುಪಿಎಸ್ ಲ್ಯಾಬಿಗಿದ್ದರೆ ಸಾಲದು, ಸ್ವಿಚ್ಚಿಗೂ ಇರಲಿ.

ಇಮೇಜ್ ಹೋದ ಮೇಲೆ ಮೆನು ದಾಟಿ ವಿಂಡೋಸಿಗೆ ಹೋಗುವ ಬದಲು ಯಂತ್ರ ಮತ್ತೆ ಮತ್ತೆ ಫಾಗ್ ಮೆನುವಿಗೇ ಬರುತ್ತಿದ್ದರೆ ಫಾಗ್ ವೆಬ್ ಪುಟದಲ್ಲಿ ಆ ಹೋಸ್ಟಿನ (ಯಂತ್ರದ) ಯುಇಎಫ್‌ಐ ಎಕ್ಸಿಟ್ ಬಗೆಯನ್ನು, ಅಂದರೆ ಮೆನುವಿನಿಂದ ಡಿಸ್ಕಿಗೆ ದಾಟುವ ವಿಧಾನವನ್ನು, ಬದಲಿಸಿ ನೋಡಿ. ರೀಫೈಂಡ್ ಅಥವಾ ಎಕ್ಸಿಟ್, ಎರಡರಲ್ಲೊಂದು ಸಾಮಾನ್ಯವಾಗಿ ಸರಿಹೋಗುತ್ತದೆ. ತೆಳು ಲ್ಯಾಪ್‌ಟಾಪುಗಳಿಗೆ ಒಂದೇ ಯುಎಸ್‌ಬಿ ಲ್ಯಾನ್ ಡಾಂಗಲ್ ಸುತ್ತಾಡಿಸುವವರಿಗೆ ಎಚ್ಚರಿಕೆ: ಫಾಗ್ ಯಂತ್ರವನ್ನು ಗುರುತಿಸುವುದು ಮ್ಯಾಕ್ ವಿಳಾಸದಿಂದ, ಹಾಗಾಗಿ ಎಲ್ಲವೂ ಒಂದೇ ಯಂತ್ರವೆಂದು ಅದಕ್ಕೆ ಅನಿಸುತ್ತದೆ. ಅಂಥವನ್ನು ನೋಂದಾಯಿಸದೆ ಮೆನುವಿನ ‘ಡಿಪ್ಲಾಯ್ ಇಮೇಜ್’ನಿಂದಲೇ ಮಾಡಿ.

ಭದ್ರತೆಯಲ್ಲಿ ಫಾಗ್‌ಗೆ ಕಡಿಮೆ ಅಂಕ. ಇಮೇಜ್ ಫೋಲ್ಡರುಗಳನ್ನು ಅದು ಎನ್‌ಎಫ್‌ಎಸ್‌ನಲ್ಲಿ ಪಾಸ್‌ವರ್ಡಿಲ್ಲದೆ ತೆರೆದಿಡುತ್ತದೆ. ವಿದ್ಯಾರ್ಥಿಗಳ ವೈಫೈಯಿಂದ ಸರ್ವರ್ ಕೈಗೆಟುಕಬಾರದು. 1.5.10.34ಕ್ಕಿಂತ ಹಳೆಯ ಆವೃತ್ತಿಗಳ ವೆಬ್ ಪುಟದಲ್ಲಿ ಹೊರಗಿನವರು ಕಮಾಂಡ್ ಓಡಿಸಬಹುದಾದ ಗಂಭೀರ ದೋಷವಿರುವುದು 2024ರಲ್ಲಿ ಬಯಲಾಯಿತು. ಹಳೆಯದನ್ನು ಹಾಕಿ ಮರೆತವರು ಇಂದೇ ಅಪ್‌ಡೇಟ್ ಮಾಡಿ.

ಪರ್ಯಾಯ ಕೇಳುವವರಿಗೆ: ನೆಟ್‌ವರ್ಕ್ ಮೂಲಕ ವಿಂಡೋಸ್ ಹಾಕುವ, ವಿಂಡೋಸ್ ಸರ್ವರಿನ ಡಬ್ಲ್ಯುಡಿಎಸ್ ಈಗ ಹಿಂದಿನಂತಿಲ್ಲ, ವಿಂಡೋಸ್ 11ರ ಡಿವಿಡಿಯ ಬೂಟ್ ಫೈಲಿನಿಂದ ನೇರ ಇನ್‌ಸ್ಟಾಲ್ ಮಾಡಲು ಮೈಕ್ರೋಸಾಫ್ಟೇ ತಡೆ ಹಾಕಿದೆ. ಬರೀ ಲಿನಕ್ಸನ್ನು ಬಗೆಬಗೆಯ ಯಂತ್ರಗಳಿಗೆ ಹಾಕುವವರಿಗೆ ಫಾಗ್ ಭಾರ. ಇಂಟರ್ನೆಟ್ಟಿನಿಂದಲೇ ಲಿನಕ್ಸ್ ಇನ್‌ಸ್ಟಾಲರುಗಳನ್ನು ಇಳಿಸುವ ನೆಟ್‌ಬೂಟ್ ಡಾಟ್ ಎಕ್ಸ್‌ವೈಜಡ್ ಮೆನುವನ್ನು ಡಿಎನ್‌ಎಸ್‌ಮಾಸ್ಕ್ ಜೊತೆ ಒಂದು ರಾಸ್ಪ್‌ಬೆರಿ ಪೈನಲ್ಲಿ ಇಟ್ಟರೆ, ಇಂಟರ್ನೆಟ್ ಚುರುಕಾಗಿರುವಷ್ಟು ದಿನ, ಇಮೇಜು ಕೂಡಿಡುವ ಗೋಜೇ ಇಲ್ಲ.