ಹಳೇ ಎಸ್‌ಯುವಿ, 2 ಟನ್ ಟ್ರೇಲರ್: ಏರ್‌ಬ್ಯಾಗ್ ಸಾಕಾ, ಭಾರ ಹಂಚುವ ಹಿಚ್ ಬೇಕಾ?

ನನ್ನ ಎಸ್‌ಯುವಿಗೆ ಈಗ 17 ವರ್ಷ. 4 ಲೀಟರಿನ ವಿ6 ಪೆಟ್ರೋಲ್ ಎಂಜಿನ್, 5 ಗೇರಿನ ಆಟೋಮ್ಯಾಟಿಕ್, ಕೆಳಗೆ ಗಟ್ಟಿ ಲ್ಯಾಡರ್ ಫ್ರೇಮ್. ಎಳೆಯುವ ಮಿತಿ 2,270 ಕಿಲೋ ಅಂತ ಗಾಡಿಯ ಪುಸ್ತಕದಲ್ಲಿದೆ. ನಾನು ಎಳೆಯುವುದು ಎರಡು ಆಕ್ಸಲ್ ಇರುವ ಮುಚ್ಚಿದ ಟ್ರೇಲರ್. ಸಾಮಾನು ತುಂಬಿದರೆ 2,000 ಕಿಲೋ ತೂಗುತ್ತದೆ. ಅಂದರೆ ಇನ್ನೂ 270 ಕಿಲೋ ಮಿಕ್ಕಿದೆ ಅಲ್ವಾ? ಮೊದಲ ವರ್ಷ ನಾನೂ ಹಾಗೇ ಅಂದುಕೊಂಡಿದ್ದೆ.

ಹಳೇ ಗಾಡಿಯ ಈ ಅಂಕಿಯನ್ನು ಸ್ವಲ್ಪ ಎಚ್ಚರದಿಂದ ಓದಬೇಕು. ಎಳೆಯುವ ಮಿತಿಯನ್ನು ಎಲ್ಲರೂ ಒಂದೇ ರೀತಿ ಅಳೆಯಲಿ ಅಂತ ವಾಹನ ಎಂಜಿನಿಯರುಗಳ ಸಂಸ್ಥೆ ಎಸ್‌ಎಇಯ ಜೆ2807 ಎಂಬ ಮಾನದಂಡ ಬಂದದ್ದೇ 2008ರಲ್ಲಿ. ಅದರಲ್ಲಿ ಅಮೆರಿಕದ ಅರಿಜೋನಾದ ಡೇವಿಸ್ ಡ್ಯಾಮ್ ಏರನ್ನು ಪರೀಕ್ಷೆಗೆ ಇಟ್ಟಿದ್ದಾರೆ. ಸುಮಾರು 18 ಕಿಲೋಮೀಟರ್ ಉದ್ದದ ಏರು. ಸುಡುವ ಬಿಸಿಲು, ಎಸಿ ಪೂರ್ತಿ ಚಾಲೂ, ಹಿಂದೆ ಟ್ರೇಲರ್. ಗಂಟೆಗೆ 64 ಕಿಲೋಮೀಟರಿಗಿಂತ ವೇಗ ಇಳಿಯಬಾರದು. ಕಂಪನಿಗಳು ಅದನ್ನು ಒಪ್ಪಿಕೊಳ್ಳುವ ಮೊದಲು ಪ್ರತಿಯೊಂದೂ ತನ್ನದೇ ಅಳತೆಯಲ್ಲಿ ಅಂಕಿ ಕೊಡುತ್ತಿತ್ತು. ನನ್ನ ಗಾಡಿಯ ಅಂಕಿಯೂ ಅಂಥದ್ದೇ.

ಎಂಜಿನ್ ಮಾತ್ರ ಯಾವತ್ತೂ ಕೈ ಕೊಟ್ಟಿಲ್ಲ. ನನ್ನನ್ನು ಹೆದರಿಸಿದ್ದು ಹಿಂದೆ ಕೂರುವ ಭಾರ, ಆಮೇಲೆ ಇಳಿಜಾರು. ಅದನ್ನು ಸರಿ ಮಾಡಲು ನಾಲ್ಕು ವರ್ಷದಲ್ಲಿ ಒಂದೊಂದೇ ಉಪಾಯ ಹಾಕಿ ನೋಡಿದೆ. ಗಾಡಿ ಅದೇ, ಟ್ರೇಲರ್ ಅದೇ, ರಸ್ತೆಯೂ ಹೆಚ್ಚುಕಡಿಮೆ ಅದೇ. ಹಾಗಾಗಿ ಹೋಲಿಸಿ ಹೇಳುವ ಧೈರ್ಯ ಮಾಡುತ್ತಿದ್ದೇನೆ.

ಏರ್‌ಬ್ಯಾಗ್ ಮತ್ತು ಭಾರ ಹಂಚುವ ಹಿಚ್

ಟ್ರೇಲರನ್ನು ಗಾಡಿಯ ಹಿಂದೆ ಸಿಕ್ಕಿಸುವ ಕೊಂಡಿಯೇ ಹಿಚ್, ಅದರ ಮೇಲಿನ ಉಕ್ಕಿನ ಗುಂಡು ಹಿಚ್ ಬಾಲ್. ಟ್ರೇಲರಿನ ಮೂತಿ ಆ ಬಾಲ್ ಮೇಲೆ ಎಷ್ಟು ಭಾರ ಹಾಕುತ್ತದೆ ಅನ್ನುವುದೇ ಇಲ್ಲಿ ಮುಖ್ಯ. ಎತ್ತಿನ ಗಾಡಿಯ ಮಾತಿನಲ್ಲಿ ಹೇಳಿದರೆ ಇದು ಮೂಕಿ ಭಾರ. ಇಂಥ ಟ್ರೇಲರಿಗೆ ಒಟ್ಟು ತೂಕದ 10ರಿಂದ 15 ಶೇಕಡಾ ಮೂಕಿಯಲ್ಲಿ ಇರಬೇಕು ಅನ್ನುತ್ತಾರೆ. ನನ್ನದರಲ್ಲಿ 250 ಕಿಲೋ. ಅಷ್ಟು ಭಾರ ಹಿಂದಿನ ಚಕ್ರಕ್ಕಿಂತ ಒಂದು ಮೀಟರಿಗೂ ಹೆಚ್ಚು ಆಚೆ ಕೂತಾಗ ಗಾಡಿಯ ಹಿಂಭಾಗ ಕುಸಿದು ಮುಂಭಾಗ ಏಳುತ್ತದೆ. ಏತದ ಹಾಗೆ.

ಮೊದಲು ಹಾಕಿಸಿದ್ದು ಏರ್‌ಬ್ಯಾಗ್. ಹಿಂದಿನ ಕಾಯಿಲ್ ಸ್ಪ್ರಿಂಗ್ ಒಳಗೆ ಕೂರುವ ರಬ್ಬರ್ ಚೀಲ ಅದು. ಗಾಳಿ ತುಂಬಿದರೆ ಗಾಡಿ ಮೇಲೇಳುತ್ತದೆ. ಅಗ್ಗ, ಅರ್ಧ ದಿನದ ಕೆಲಸ. ಗಾಳಿ ತುಂಬಿ ಹತ್ತು ಹೆಜ್ಜೆ ದೂರ ನಿಂತು ನೋಡಿದೆ. ಗಾಡಿ ನೆಟ್ಟಗೆ ನಿಂತಿತ್ತು. ತುಂಬಾ ಖುಷಿಯಾಯಿತು.

ಆ ಖುಷಿ ಒಂದು ಮಳೆಗಾಲವೂ ಉಳಿಯಲಿಲ್ಲ. ಒದ್ದೆ ರಸ್ತೆಯ ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದರೆ ಗಾಡಿ ಒಂದು ಕ್ಷಣ ಯೋಚನೆ ಮಾಡಿ ಆಮೇಲೆ ತಿರುಗಿದಂತೆ ಆಗುತ್ತಿತ್ತು. ಸ್ಟೀರಿಂಗ್ ಕೈಯಲ್ಲಿ ಹಗುರ ಅನಿಸುತ್ತಿತ್ತು. ಕಣ್ಣಿಗೆ ಎಲ್ಲ ಸರಿ ಕಂಡರೂ ಕೈಗೆ ಸರಿ ಅನಿಸುತ್ತಿರಲಿಲ್ಲ.

ಆಮೇಲೆ ಭಾರ ಹಂಚುವ ಹಿಚ್ ತಂದೆ. ಇದರ ಹೆಡ್‌ನಿಂದ, ಅಂದರೆ ಬಾಲ್ ಕೂರುವ ಭಾಗದಿಂದ, ಎರಡು ಉಕ್ಕಿನ ಸ್ಪ್ರಿಂಗ್ ಬಾರ್ ಹೊರಟು ಟ್ರೇಲರಿನ ಚೌಕಟ್ಟಿನ ಎರಡೂ ಬದಿಗೆ ಬಿಗಿಯಾಗಿ ಕೂರುತ್ತವೆ. ಬಾರ್ ಬಿಗಿದಷ್ಟೂ ಹಿಂದಿನ ಆಕ್ಸಲ್ ಮೇಲಿನ ಭಾರದ ಒಂದು ಪಾಲು ಗಾಡಿಯ ಮುಂದಿನ ಚಕ್ರಕ್ಕೂ ಟ್ರೇಲರಿನ ಚಕ್ರಕ್ಕೂ ಹೋಗುತ್ತದೆ.

ಈ ಸಲ ಕಣ್ಣಂದಾಜು ಬೇಡ ಅಂತ ವೇ ಬ್ರಿಡ್ಜಿಗೆ ಹೋದೆ. ಹಿಚ್ ಹೆಡ್ ಮೊದಲಿನಿಂದಲೂ ಗಾಡಿಯಲ್ಲೇ ಇತ್ತು, ಬಾರ್ ಮಾತ್ರ ತೆಗೆದು ಹಾಕಿ ಮಾಡಿದೆ. ಟ್ರೇಲರ್ ಇಲ್ಲದೆ ಮುಂದಿನ ಆಕ್ಸಲ್ 1,080 ಕಿಲೋ, ಹಿಂದಿನದು 1,120. ಟ್ರೇಲರನ್ನು ಬರೀ ಬಾಲ್‌ಗೆ ಸಿಕ್ಕಿಸಿದಾಗ ಮುಂದೆ 970ಕ್ಕೆ ಇಳಿಯಿತು, ಹಿಂದೆ 1,480ಕ್ಕೆ ಏರಿತು. ಹಿಂದಿನ ಆಕ್ಸಲ್‌ಗೆ ಕಂಪನಿ ಕೊಟ್ಟ ಮಿತಿ 1,500. ಅಂದರೆ ನಾನು ಇಷ್ಟು ದಿನ ಅಂಚಿನಲ್ಲೇ ಓಡಿಸುತ್ತಿದ್ದೆ.

ಹಾಗೇ ನಿಲ್ಲಿಸಿ ಏರ್‌ಬ್ಯಾಗಿಗೆ 30 ಪಿಎಸ್‌ಐ ಗಾಳಿ ತುಂಬಿದೆ. ಹಿಂಭಾಗ ಚೆನ್ನಾಗಿ ಮೇಲೆ ಬಂತು. ಮುಂದಿನ ಆಕ್ಸಲ್? ಅದೇ 970. ತೂಕದ ಯಂತ್ರದ ಅಂಕಿ ಅಲುಗಲೇ ಇಲ್ಲ. ಆ ಅಂಕಿಯನ್ನೇ ನೋಡುತ್ತಾ ನಿಂತುಬಿಟ್ಟೆ. ಕುಸಿದ ಬೆನ್ನನ್ನು ಎತ್ತಿ ಹಿಡಿಯುವುದು ಬಿಟ್ಟರೆ ಏರ್‌ಬ್ಯಾಗ್ ಬೇರೇನೂ ಮಾಡುವುದಿಲ್ಲ. ಮುಂದಿನ ಚಕ್ರ ಕಳೆದುಕೊಂಡ ಭಾರವನ್ನು ಅದು ವಾಪಸ್ ಕೊಡುವುದಿಲ್ಲ.

ಗಾಳಿ ಬಿಟ್ಟು ಬಾರ್ ಬಿಗಿದೆ. ಮುಂದೆ 1,060, ಹಿಂದೆ 1,330. ಟ್ರೇಲರಿನ ಚಕ್ರಗಳ ಮೇಲೆ 1,750 ಇದ್ದದ್ದು 1,810 ಆಯಿತು. ಕಳೆದುಹೋಗಿದ್ದ 110 ಕಿಲೋದಲ್ಲಿ 90 ಕಿಲೋ ಮುಂದಿನ ಚಕ್ರಕ್ಕೆ ವಾಪಸ್ ಬಂತು. ಅದೇ ರಸ್ತೆಯಲ್ಲಿ ಹೋಗುವಾಗ ಮೊದಲ ತಿರುವಿನಲ್ಲೇ ವ್ಯತ್ಯಾಸ ಗೊತ್ತಾಯಿತು. ಸ್ಟೀರಿಂಗಿಗೆ ಮತ್ತೆ ತೂಕ ಬಂದಿತ್ತು.

ವೇ ಬ್ರಿಡ್ಜ್ ಹತ್ತಿರ ಇಲ್ಲದಿದ್ದರೆ ಟೇಪ್ ಸಾಕು. ಮುಂದಿನ ಚಕ್ರದ ಮೇಲಿನ ಕಮಾನು ನೆಲದಿಂದ ಎಷ್ಟು ಎತ್ತರ ಇದೆ ಅಂತ ಅಳೆಯಿರಿ. ನನ್ನದು ಖಾಲಿ ಇದ್ದಾಗ 860 ಮಿಲಿಮೀಟರ್, ಬಾಲ್‌ಗೆ ಸಿಕ್ಕಿಸಿದಾಗ 884, ಬಾರ್ ಬಿಗಿದ ಮೇಲೆ 865. ಖಾಲಿ ಇದ್ದಾಗಿನ ಅಳತೆಯ ಹತ್ತಿರ ಬಂದರೆ ನಿಲ್ಲಿಸಿ. ಅದಕ್ಕಿಂತ ಜಾಸ್ತಿ ಬಿಗಿಯಲು ಹೋಗಬೇಡಿ, ಆಗ ಹಿಂದಿನ ಚಕ್ರದ ಹಿಡಿತ ಕಡಿಮೆಯಾಗುತ್ತದೆ.

ಈ ಹಿಚ್‌ನ ಕಷ್ಟವನ್ನೂ ಹೇಳಬೇಕು. ಹೆಡ್ ಮತ್ತು ಬಾರ್ ಸೇರಿ 40 ಕಿಲೋ ಹತ್ತಿರ ಇದೆ. ಪ್ರತಿ ಸಲ ಕಟ್ಟುವಾಗ ಬಿಚ್ಚುವಾಗ ಹತ್ತು ನಿಮಿಷ ಜಾಸ್ತಿ, ಕೈಗೆಲ್ಲ ಗ್ರೀಸ್. ಜ್ಯಾಕ್‌ನಿಂದ ಮೂತಿ ಎತ್ತಿ, ಬಾರಿನ ಬಿಗಿ ಸಡಿಲ ಮಾಡಿಕೊಳ್ಳದೆ ಬಿಚ್ಚಲು ಹೋದರೆ ಬಾರ್ ಸಿಡಿದು ಕೈಗೆ ಬಡಿಯುವ ಅಪಾಯ ನಿಜವಾಗಿಯೂ ಇದೆ. ಇನ್ನೊಂದು ವಿಷಯ. ನಿಮ್ಮ ಗಾಡಿಯ ಫ್ರೇಮ್ ಇಂಥ ಹಿಚ್ ತಡೆಯುತ್ತದಾ ಅಂತ ಪುಸ್ತಕ ನೋಡಿ. ಕೆಲವು ಗಾಡಿಗಳಿಗೆ ಕಂಪನಿಯೇ ಬೇಡ ಅನ್ನುತ್ತದೆ.

ಎರಡರಲ್ಲಿ ಒಂದೇ ಕೊಳ್ಳುವುದಾದರೆ ನಾನು ಹಿಚ್ ಕೊಳ್ಳುತ್ತೇನೆ. ಟ್ರೇಲರ್ ಹಗುರವಾಗಿದ್ದು ಡಿಕ್ಕಿ ಭರ್ತಿ ಸಾಮಾನು ಹಾಕುವವರಿಗೆ ಏರ್‌ಬ್ಯಾಗ್ ಒಳ್ಳೆಯದೇ.

ಸರ್ಜ್ ಬ್ರೇಕ್ ಮತ್ತು ಎಲೆಕ್ಟ್ರಿಕ್ ಬ್ರೇಕ್

ಟ್ರೇಲರ್ ಕೊಂಡಾಗ ಅದರಲ್ಲಿ ಸರ್ಜ್ ಬ್ರೇಕ್ ಇತ್ತು. ಗಾಡಿ ನಿಧಾನ ಆದಾಗ ಟ್ರೇಲರ್ ಹಿಂದಿನಿಂದ ದೂಡುತ್ತದಲ್ಲ, ಆ ದೂಡುವ ಬಲವೇ ಕಪ್ಲರ್ (ಬಾಲ್ ಮೇಲೆ ಕೂರುವ ಟ್ರೇಲರಿನ ಮೂತಿ) ಒಳಗಿನ ಮಾಸ್ಟರ್ ಸಿಲಿಂಡರ್ ಒತ್ತಿ ಬ್ರೇಕ್ ಹಿಡಿಸುತ್ತದೆ. ವೈರ್ ಇಲ್ಲ, ಕಂಟ್ರೋಲರ್ ಇಲ್ಲ. ಯಾವ ಗಾಡಿಗೆ ಬೇಕಾದರೂ ಸಿಕ್ಕಿಸಬಹುದು. ಸಮತಟ್ಟು ರಸ್ತೆಯಲ್ಲಿ ಬಹಳ ಮೃದುವಾಗಿ ಹಿಡಿಯುತ್ತಿತ್ತು. ದೋಣಿಯ ಟ್ರೇಲರುಗಳಿಗೆ ಇಂದಿಗೂ ಇದೇ ಹೆಚ್ಚು. ನೀರಿಗೆ ಇಳಿಯುವ ಟ್ರೇಲರಿಗೆ ಎಲೆಕ್ಟ್ರಿಕ್ ಬ್ರೇಕ್ ಹೊಂದುವುದಿಲ್ಲ.

ಇದರ ಬಣ್ಣ ಬಯಲಾಗುವುದು ಉದ್ದದ ಇಳಿಜಾರಿನಲ್ಲಿ. ಎಲ್ಲರೂ ಹೇಳುವ ಹಾಗೆ ಗೇರ್ ಇಳಿಸಿ ಎಂಜಿನ್ ಹಿಡಿತದಲ್ಲಿ ಇಳಿಯುತ್ತಿದ್ದೆ. ಎಂಜಿನ್ ಗಾಡಿಯನ್ನು ಹಿಡಿದಷ್ಟು ಹೊತ್ತೂ ಟ್ರೇಲರ್ ದೂಡುತ್ತಲೇ ಇರುತ್ತದೆ. ದೂಡಿದಷ್ಟು ಹೊತ್ತೂ ಅದರ ಬ್ರೇಕ್ ಹಿಡಿದೇ ಇರುತ್ತದೆ. ನಾನು ಪೆಡಲ್ ಮುಟ್ಟಿರಲೇ ಇಲ್ಲ. ಕೆಳಗೆ ನಿಲ್ಲಿಸಿ ಇಳಿದರೆ ಸುಟ್ಟ ವಾಸನೆ. ಇನ್ಫ್ರಾರೆಡ್ ಥರ್ಮಾಮೀಟರ್ ಹಿಡಿದರೆ ಎಡಗಡೆಯ ಡ್ರಮ್ 190 ಡಿಗ್ರಿ. ಅರ್ಧ ಗಂಟೆ ಅಲ್ಲೇ ಕೂತೆ.

ಅದಕ್ಕಿಂತ ಕೆಟ್ಟದ್ದು ಇನ್ನೊಂದು ದಿನ ಆಯಿತು. ಇಳಿಜಾರಿನಲ್ಲಿ ಗಂಟೆಗೆ 90ರ ವೇಗ. ಪಕ್ಕದಲ್ಲಿ ಒಂದು ದೊಡ್ಡ ಲಾರಿ ದಾಟಿ ಹೋಯಿತು. ಅದರ ಗಾಳಿಯ ಹೊಡೆತಕ್ಕೆ ಟ್ರೇಲರ್ ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ ಬಾಲ ಬೀಸಿತು. ಎರಡನೇ ಬೀಸು ಮೊದಲನೆಯದಕ್ಕಿಂತ ದೊಡ್ಡದು. ಸ್ಟೀರಿಂಗ್ ನೆಟ್ಟಗೆ ಹಿಡಿದು ಆಕ್ಸಿಲರೇಟರ್ ಮೆಲ್ಲಗೆ ಬಿಟ್ಟೆ. ನಾಲ್ಕೈದು ಬೀಸು ಆದಮೇಲೆ ತಣ್ಣಗಾಯಿತು. ಆ ಹೊತ್ತಿನಲ್ಲಿ ನನಗೆ ಬೇಕಿದ್ದದ್ದು ಟ್ರೇಲರಿನ ಬ್ರೇಕ್ ಮಾತ್ರ ಹಿಡಿದು ಅದನ್ನು ಹಿಂದಕ್ಕೆ ಎಳೆದು ನೆಟ್ಟಗೆ ಮಾಡುವ ಒಂದು ದಾರಿ. ಸರ್ಜ್ ಬ್ರೇಕಿನಲ್ಲಿ ಅದು ಇಲ್ಲ.

ಮುಂದಿನ ತಿಂಗಳೇ ಕರೆಂಟಿನಿಂದ ಹಿಡಿಯುವ ಎಲೆಕ್ಟ್ರಿಕ್ ಡ್ರಮ್ ಬ್ರೇಕ್, 7 ಪಿನ್ನಿನ ಸಾಕೆಟ್, ಡ್ಯಾಶ್‌ಬೋರ್ಡ್ ಕೆಳಗೆ ಆ ಬ್ರೇಕನ್ನು ನಡೆಸುವ ಕಂಟ್ರೋಲರ್ ಹಾಕಿಸಿದೆ. ಕಂಟ್ರೋಲರಿನಲ್ಲಿ ಎರಡು ಬಗೆ. ಟೈಮ್ ಡಿಲೇ ಬಗೆಯದು ನೀವು ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಅದೇ ಲೆಕ್ಕದಲ್ಲಿ ಬ್ರೇಕ್ ಏರಿಸುತ್ತದೆ. ಪ್ರೊಪೋರ್ಷನಲ್ ಬಗೆಯದು ಗಾಡಿ ಎಷ್ಟು ಬೇಗ ನಿಧಾನ ಆಗುತ್ತಿದೆ ಅಂತ ನೋಡಿ ಅಷ್ಟೇ ಹಿಡಿಯುತ್ತದೆ. ಮೊದಲನೆಯದನ್ನು ಎರಡು ವಾರ ಓಡಿಸಿದೆ. ಸಿಗ್ನಲ್ ಸಿಗ್ನಲ್‌ನಲ್ಲೂ ಜರ್ಕು. ಎರಡನೆಯದಕ್ಕೆ ಬದಲಾಯಿಸಿದ ಮೇಲೆ ಹಿಂದೆ ಟ್ರೇಲರ್ ಇದೆ ಅನ್ನುವುದೇ ಬ್ರೇಕಿನಲ್ಲಿ ಗೊತ್ತಾಗುತ್ತಿಲ್ಲ.

ಸೆಟ್ ಮಾಡುವುದು ಸುಲಭ. ಒಣಗಿದ ಖಾಲಿ ರಸ್ತೆಯಲ್ಲಿ, ಟ್ರೇಲರ್ ತುಂಬಿಕೊಂಡು, ಗಂಟೆಗೆ 40 ವೇಗದಲ್ಲಿ ಟ್ರೇಲರಿನ ಬ್ರೇಕ್ ಮಾತ್ರ ಹಿಡಿಸುವ ಕಂಟ್ರೋಲರಿನ ಕೈಲಿವರ್ ಒತ್ತಿ. ಟ್ರೇಲರಿನ ಚಕ್ರ ಲಾಕ್ ಆಗುವ ತನಕ ಗೇನ್ (ಬ್ರೇಕ್ ಎಷ್ಟು ಜೋರಾಗಿ ಹಿಡಿಯಬೇಕು ಅನ್ನುವ ಅಂಕಿ) ಏರಿಸುತ್ತಾ ಹೋಗಿ, ಆಮೇಲೆ ಒಂದು ಹೆಜ್ಜೆ ಇಳಿಸಿ. ಭಾರ ಬದಲಾದಾಗಲೆಲ್ಲ ಮತ್ತೆ ನೋಡಬೇಕು. ಬ್ರೇಕ್‌ಅವೇ ಸ್ವಿಚ್ಚಿನ ಪಿನ್ ಎಳೆದು ಬ್ಯಾಟರಿ ಕೆಲಸ ಮಾಡುತ್ತದಾ ಅಂತಲೂ ನೋಡಿ. ಟ್ರೇಲರ್ ಕಳಚಿಕೊಂಡರೆ ಅದನ್ನು ನಿಲ್ಲಿಸುವುದು ಅದೊಂದೇ.

ಅದೇ ಇಳಿಜಾರು, ಅದೇ ಭಾರ, ಎಲೆಕ್ಟ್ರಿಕ್ ಬ್ರೇಕ್. ಕೆಳಗೆ ಬಂದಾಗ ಡ್ರಮ್ 110 ಡಿಗ್ರಿ ಇತ್ತು. ಎಂಜಿನ್ ಹಿಡಿತದಲ್ಲಿ ಇಳಿಯುವಾಗ ಟ್ರೇಲರ್ ಬ್ರೇಕಿಗೆ ವಿಶ್ರಾಂತಿ ಸಿಗುತ್ತದೆ, ಬೇಕಾದಾಗ ಮಾತ್ರ ಹಿಡಿಯುತ್ತೇನೆ. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. 2 ಟನ್ ಎಳೆಯುವ ಹಳೇ ಎಸ್‌ಯುವಿಗೆ ಎಲೆಕ್ಟ್ರಿಕ್ ಬ್ರೇಕೇ ಸರಿ.

ಫ್ರಿಕ್ಷನ್ ಬಾರ್ ಮತ್ತು ಸಾಮಾನಿನ ಜಾಗ

ಬಾಲ ಬೀಸುವುದನ್ನು ತಡೆಯಲು ಒಂದು ಫ್ರಿಕ್ಷನ್ ಬಾರ್ ಕೂಡ ಹಾಕಿದೆ. ಗಾಡಿಗೂ ಟ್ರೇಲರಿಗೂ ನಡುವೆ ಕೂತು ಉಜ್ಜಾಟದಿಂದ ಬೀಸನ್ನು ಹಿಡಿಯುವ ಸರಳು ಅದು. ಪಕ್ಕದ ಗಾಳಿಗೆ ಸ್ವಲ್ಪ ಉಪಯೋಗ ಆಯಿತು. ಆದರೆ ರಿವರ್ಸಿನಲ್ಲಿ ಕಡಿದಾಗಿ ತಿರುಗಿಸುವ ಮೊದಲು ಬಿಚ್ಚಬೇಕು, ರಸ್ತೆ ಜಾರುತ್ತಿದ್ದರೆ ಸಡಿಲ ಬಿಡಬೇಕು. ಅದಕ್ಕಿಂತ ಹತ್ತು ಪಟ್ಟು ಉಪಯೋಗ ಆದದ್ದು ಖರ್ಚೇ ಇಲ್ಲದ ಕೆಲಸ. ಬೀಸಿದ ದಿನ ಭಾರದ ಪೆಟ್ಟಿಗೆಗಳು ಟ್ರೇಲರಿನ ಹಿಂಬಾಗಿಲ ಹತ್ತಿರ ಇದ್ದವು. ಹಿಂಭಾರ ಆಗಿ ಮೂಕಿ ಭಾರ 150 ಕಿಲೋಗೆ ಇಳಿದಿತ್ತು. ಪೆಟ್ಟಿಗೆಗಳನ್ನು ಆಕ್ಸಲ್‌ಗಿಂತ ಮುಂದೆ ತಂದು ಕಟ್ಟಿದ ಮೇಲೆ ಅದೇ ರಸ್ತೆಯಲ್ಲಿ ಮತ್ತೆ ಬೀಸಿಲ್ಲ.

ಗೇರ್‌ಬಾಕ್ಸ್ ಬಿಸಿ

ಇಲ್ಲಿ ಹೋಲಿಸಲು ಜಾಸ್ತಿ ಇಲ್ಲ. ಗಾಡಿಯ ಕಂಪ್ಯೂಟರಿನ ಅಂಕಿ ಓದುವ ಓಬಿಡಿ ಸ್ಕ್ಯಾನರ್ ಸಿಕ್ಕಿಸಿ ಫೋನಿನಲ್ಲಿ ನೋಡಿದರೆ ಏರಿನಲ್ಲಿ ಗೇರ್ ಆಯಿಲ್ 118 ಡಿಗ್ರಿಗೆ ಹೋಗುತ್ತಿತ್ತು. ಓವರ್‌ಡ್ರೈವ್, ಅಂದರೆ 5ನೇ ಗೇರ್, ಬಿಟ್ಟು 4ನೇ ಗೇರಿನಲ್ಲೇ ಹಿಡಿದರೆ 108. ಗೇರ್ ಪದೇ ಪದೇ ಬದಲಾಗುವುದು, ಎಂಜಿನ್ನಿನ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿನ ಲಾಕ್ ಬಿಡುವುದು ನಿಂತರೆ ಬಿಸಿ ತಾನಾಗಿ ಇಳಿಯುತ್ತದೆ. ಅದರ ಮೇಲೆ ರೇಡಿಯೇಟರ್ ಮುಂದೆ ಪ್ಲೇಟ್ ಬಗೆಯ ಬೇರೆ ಕೂಲರ್ ಹಾಕಿಸಿದೆ, 96ಕ್ಕೆ ನಿಂತಿತು. 17 ವರ್ಷದ ಗೇರ್‌ಬಾಕ್ಸಿಗೆ ಎರಡೂ ಬೇಕು.

ಇಷ್ಟೆಲ್ಲ ಹಾಕಿದರೂ ಗಾಡಿ ಹೊರುವ ಶಕ್ತಿ ಒಂದು ಕಿಲೋ ಕೂಡ ಏರಿಲ್ಲ. ಡ್ರೈವರ್ ಬಾಗಿಲ ಕಂಬದ ಸ್ಟಿಕ್ಕರ್ ನೋಡಿ. ನನ್ನದರಲ್ಲಿ ಜನ, ಸಾಮಾನು ಎಲ್ಲ ಸೇರಿ 520 ಕಿಲೋ. ಮೂಕಿ ಭಾರ 250, ಹಿಚ್ 40 ಕಳೆದರೆ ಉಳಿಯುವುದು 230. ಮೂರು ಜನ ದೊಡ್ಡವರು ಕೂತರೆ ಮುಗಿಯಿತು. ಅದಕ್ಕೇ ಟ್ರೇಲರ್ ಕಟ್ಟಿದ ದಿನ ಗಾಡಿಯಲ್ಲಿ ಮೂರೇ ಜನ, ಚೀಲಗಳೆಲ್ಲ ಟ್ರೇಲರ್ ಒಳಗೆ. ಏರ್‌ಬ್ಯಾಗನ್ನು ಇನ್ನೂ ತೆಗೆದಿಲ್ಲ. ಆದರೆ 5 ಪಿಎಸ್‌ಐಗಿಂತ ಜಾಸ್ತಿ ಗಾಳಿ ತುಂಬುವುದಿಲ್ಲ. ಬಾರ್ ಬಿಗಿದ ಮೇಲೆ ಒಮ್ಮೆ 30ಕ್ಕೆ ಏರಿಸಿ ನೋಡಿದ್ದೆ. ಹಿಂಭಾಗ ಎದ್ದಿತು, ಬಾರಿನ ಬಿಗಿ ಸಡಿಲವಾಯಿತು, ಮುಂದಿನ ಕಮಾನು 865ರಿಂದ 876ಕ್ಕೆ ಏರಿತು. ಅಲ್ಲೇ ಗಾಳಿ ಬಿಟ್ಟು ಮತ್ತೆ ಅಳೆದು ಹೊರಟೆ.