ಕೈಕೊಟ್ಟ ಡಿಸ್ಕಿನಿಂದ ಫೈಲು ತೆಗೆಯಲು ಯಾವುದು ವಾಸಿ: ಡಿಎಂಡಿಇ, ಫೋಟೊರೆಕ್, ವಿನ್‌ಎಫ್‌ಆರ್

ನನ್ನ ಓಟು ಡಿಎಂಡಿಇಗೆ, ಮೊದಲೇ ಹೇಳಿಬಿಡುತ್ತೇನೆ. ನೋಡಲು ಇಷ್ಟು ಕುರೂಪಿ ಸಾಫ್ಟ್‌ವೇರ್ ಇನ್ನೊಂದಿಲ್ಲ. ಆದರೆ ನನ್ನ ಫೈಲುಗಳನ್ನು ಹೆಸರಿನ ಸಮೇತ ವಾಪಸ್ ಕೊಟ್ಟಿದ್ದು ಇದೊಂದೇ.

ನನ್ನದು ಡಿಟಿಪಿ ಕೆಲಸ. ಲಗ್ನಪತ್ರಿಕೆ, ಸಂಘಗಳ ವಾರ್ಷಿಕ ವರದಿ, ಸ್ಮರಣ ಸಂಚಿಕೆ, ಎಲ್ಲಾ ಹಳೆಯ ಕೆಲಸ 1 ಟಿಬಿ ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ ಇತ್ತು. ಏನೋ ಕಾಪಿ ಆಗುತ್ತಿರುವಾಗಲೇ ಕರೆಂಟ್ ಹೋಯಿತು. ಬಂದ ಮೇಲೆ ನೋಡಿದರೆ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು ಅನ್ನುತ್ತಿತ್ತು ವಿಂಡೋಸ್. ಫೈಲ್ ಸಿಸ್ಟಮ್, ಅಂದರೆ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಏರ್ಪಾಡು, ಎನ್‌ಟಿಎಫ್‌ಎಸ್ ಅಂತ ಇರಬೇಕಾದ ಕಡೆ 'ರಾ' ಅಂತ ಬಂದಿತ್ತು, ಅಂದರೆ ವಿಂಡೋಸ್‌ಗೆ ಅದರ ಗುರುತೇ ಸಿಗುತ್ತಿಲ್ಲ. ಇಂಥ ಹೊತ್ತಿನಲ್ಲಿ ಕ್ಯಾನ್ಸಲ್ ಒತ್ತಿ, ಸುಮ್ನಿರಿ. ವಿಂಡೋಸ್‌ನದೇ ಡಿಸ್ಕ್ ರಿಪೇರಿ ಕಮಾಂಡ್ ಚೆಕ್‌ಡಿಸ್ಕ್ ಕೂಡ ಬೇಡ. ಅದು ರಿಪೇರಿ ಮಾಡುವ ನೆಪದಲ್ಲಿ ಅದೇ ಡಿಸ್ಕಿನ ಮೇಲೆ ಬರೆಯುತ್ತದೆ.

ಪೇಟೆಯ ಅಂಗಡಿಯೊಂದರಲ್ಲಿ ಡೇಟಾ ತೆಗೆದುಕೊಡಲು ಹೇಳಿದ ರೇಟು ಕೇಳಿ ಎದ್ದು ಬಂದೆ. ಆ ದುಡ್ಡಿಗೆ ಹೊಸ ಡಿಸ್ಕ್ ಕೊಂಡು ಇನ್ನೂ ಮಿಗುತ್ತಿತ್ತು. ಹೊಸ ಡಿಸ್ಕ್ ಹೇಗಿದ್ದರೂ ಬೇಕು ಅಲ್ವಾ, ತೆಗೆದ ಫೈಲುಗಳನ್ನು ಕೆಟ್ಟ ಡಿಸ್ಕಿನ ಮೇಲೇ ಇಡುವಂತಿಲ್ಲ.

ಎಲ್ಲರೂ ಹೇಳುವುದು ಫೋಟೊರೆಕ್. ಕಳೆದ ಪಾರ್ಟಿಶನ್ ಹುಡುಕಿಕೊಡುವ ಟೆಸ್ಟ್‌ಡಿಸ್ಕ್ ಬರೆದ ಕ್ರಿಸ್ಟೋಫ್ ಗ್ರೆನಿಯೇ ಅವರದೇ ಇದೂ. ಪೂರ್ತಿ ಉಚಿತ, ಮಿತಿ ಇಲ್ಲ, ಓಪನ್ ಸೋರ್ಸ್. ಕಮಾಂಡ್ ಕಂಡರೆ ಆಗದವರಿಗೆ ಕ್ಯೂಫೋಟೊರೆಕ್ ಅಂತ ಕಿಟಕಿ ಇರುವ ರೂಪವೂ ಇದೆ. ಫೈಲುಗಳನ್ನು ಅದು ಹುಡುಕಿಕೊಟ್ಟಿತು, ಅದರಲ್ಲಿ ಎರಡು ಮಾತಿಲ್ಲ. ತಕರಾರು ಶುರುವಾಗುವುದು ಆಮೇಲೆ.

ಫೋಟೊರೆಕ್ ಫೈಲ್ ಸಿಸ್ಟಮ್ ಕಡೆ ತಿರುಗಿಯೂ ನೋಡುವುದಿಲ್ಲ. ಡಿಸ್ಕನ್ನು ಉದ್ದಕ್ಕೂ ಓದುತ್ತಾ, ಯಾವ ಬಗೆಯ ಫೈಲು ಹೇಗೆ ಶುರುವಾಗುತ್ತದೆ ಅನ್ನುವ ಗುರುತು ಹಿಡಿದು ಎತ್ತಿಡುತ್ತದೆ. ಹೆಸರು, ಫೋಲ್ಡರ್ ಎರಡೂ ಇರುವುದು ಎನ್‌ಟಿಎಫ್‌ಎಸ್‌ನ ಎಂಎಫ್‌ಟಿ ಪಟ್ಟಿಯಲ್ಲಿ. ಅದನ್ನೇ ನೋಡದಿದ್ದರೆ ಹೆಸರು ಎಲ್ಲಿಂದ ಬರಬೇಕು? ಹಾಗಾಗಿ ಸಿಗುವುದು ರೆಕಪ್ ಡಿರ್ 1, 2, 3 ಅಂತ ಸಾಲು ಸಾಲು ಫೋಲ್ಡರ್. ಒಳಗೆ ಎಫ್ ಅಕ್ಷರ, ಅದರ ಹಿಂದೆ ಉದ್ದದ ನಂಬರ್ ಹೊತ್ತ ಫೈಲುಗಳು. ಮನೆ ನಂಬರ್, ಬೀದಿ ಹೆಸರು ಎಲ್ಲಾ ಅಳಿಸಿದ ಊರಿಗೆ ಪೋಸ್ಟ್‌ಮ್ಯಾನ್ ಆದ ಹಾಗೆ ನನ್ನ ಪಾಡು.

ಹೆಸರು ಹೋದರೇನು, ಒಳಗಿನ ಪದ ಹಿಡಿದು ಹುಡುಕೋಣ ಅಂದುಕೊಂಡೆ. ಇಲ್ಲೇ ಕನ್ನಡದವರಿಗೆ ಕಾದಿರುವ ಪೇಚು. ನನ್ನ ಹಳೆಯ ವರ್ಡ್ ಫೈಲುಗಳೆಲ್ಲ ಯೂನಿಕೋಡ್‌ಗಿಂತ ಮುಂಚಿನ ನುಡಿ ಫಾಂಟಿನವು. ಪರದೆಯ ಮೇಲೆ 'ಕನ್ನಡ' ಅಂತ ಕಾಣುತ್ತದೆ. ಫೈಲಿನೊಳಗೆ ಇರುವುದು ಮಾತ್ರ ಇಂಗ್ಲಿಷಿನ ಪಿ, ತಲೆ ಮೇಲೆ ಗೀರಿರುವ ಎ, ಬ್ರಿಟಿಷ್ ಪೌಂಡ್ ಚಿಹ್ನೆ, ಹೀಗೆ. ಯೂನಿಕೋಡ್‌ನಲ್ಲಿ 'ವಾರ್ಷಿಕ ವರದಿ' ಅಂತ ಹುಡುಕಿದರೆ ಒಂದೂ ಸಿಗುವುದಿಲ್ಲ. ಎದುರಿಗೇ ಇದ್ದರೂ ಸಿಗುವುದಿಲ್ಲ!

ಒಂದು ಉಪಾಯ ಸ್ವಲ್ಪ ಕೈ ಹಿಡಿಯಿತು. ಹಳೆ ನುಡಿಯಲ್ಲಿ 'ನ' ಬಂದ ಕಡೆ ಹೆಚ್ಚಾಗಿ ಆ ಪೌಂಡ್ ಚಿಹ್ನೆ ಇರುತ್ತದೆ. 'ನ' ಇಲ್ಲದ ಕನ್ನಡ ಬರಹ ಎಲ್ಲಿದೆ? ಅದನ್ನು ಹಿಡಿದು ಕನ್ನಡದ ಫೈಲುಗಳನ್ನು ಬೇರೆ ಮಾಡಬಹುದು. ಇನ್ನೊಂದು, ಆ ಉದ್ದದ ನಂಬರ್ ಡಿಸ್ಕಿನ ಮೇಲೆ ಫೈಲು ಇದ್ದ ಜಾಗವನ್ನು ಹೇಳುತ್ತದೆ. ಹತ್ತಿರದ ನಂಬರುಗಳು ಎಷ್ಟೋ ಸಲ ಒಂದೇ ಕೆಲಸದವು. ಇಷ್ಟಾದರೂ ಯಾವುದು ಕೊನೆಯ ಪ್ರೂಫ್, ಯಾವುದು ಮೊದಲನೆಯದು ಅಂತ ಒಂದೊಂದನ್ನೇ ತೆರೆದು ನೋಡಬೇಕು. ಬೇಜಾರಾಗಿ ಅರ್ಧಕ್ಕೇ ಬಿಟ್ಟೆ.

ಡಿಎಂಡಿಇ ಹಿಡಿಯುವುದು ಸರಿಯಾಗಿ ಆ ಎಂಎಫ್‌ಟಿಯನ್ನೇ. ಇನ್‌ಸ್ಟಾಲ್ ಮಾಡುವ ಗೋಜಿಲ್ಲ, ಜಿಪ್ ಬಿಚ್ಚಿ ಓಡಿಸಿದರಾಯಿತು. ತೆರೆದ ಕೂಡಲೇ ಪರದೆ ತುಂಬಾ ಅಂಕಿ ಅಕ್ಷರ ಕಂಡು ಗಾಬರಿಯಾಗುತ್ತದೆ, ಆಗಬೇಡಿ. ಫಿಸಿಕಲ್ ಡಿವೈಸ್ ಅಂತ ಇರುವುದನ್ನು ಆರಿಸಿ ಫುಲ್ ಸ್ಕ್ಯಾನ್ ಹಚ್ಚಿ ಮಲಗಿ. ಬೆಳಗ್ಗೆ ಹಳೆಯ ಪಾರ್ಟಿಶನ್ ತೆರೆದರೆ ನನ್ನ ಫೋಲ್ಡರ್‌ಗಳು ಇದ್ದ ಹಾಗೇ ಇದ್ದವು. 'ಮಲ್ಲೇಶ್ವರ ಸಂಘ ಕೊನೆ ಪ್ರೂಫ್' ಅಂತ ಕನ್ನಡದಲ್ಲೇ ಕೊಟ್ಟಿದ್ದ ಹೆಸರು ಒತ್ತಕ್ಷರ ಸಮೇತ ಬಂತು. ಎನ್‌ಟಿಎಫ್‌ಎಸ್ ಹೆಸರುಗಳನ್ನು ಯೂನಿಕೋಡ್‌ನಲ್ಲೇ ಇಡುತ್ತದೆ. ಫಾಂಟು ಹಳೆಯದಾದರೂ ಹೆಸರಿಗೆ ಅದರ ಕಾಟ ಇಲ್ಲ.

ಉಚಿತ ರೂಪದಲ್ಲಿ ಒಂದು ಸಲಕ್ಕೆ ಒಂದು ಫೋಲ್ಡರ್‌ನಿಂದ 4,000 ಫೈಲು ಮಾತ್ರ. ಫೋಲ್ಡರ್ ಒಂದೊಂದಾಗಿ ತೆರೆದು ತೆಗೆಯಬೇಕು. ಕೆಲಸಕ್ಕೊಂದು ಫೋಲ್ಡರ್ ಇಡುವ ನನಗೆ ಅದೊಂದು ಮಿತಿಯೇ ಅಲ್ಲ. ಫೋಲ್ಡರೊಳಗೆ ಫೋಲ್ಡರ್, ಅದರೊಳಗೆ ಮತ್ತೊಂದು ಅಂತ ಇಡುವವರಿಗೆ ಕೈ ನೋಯುತ್ತದೆ. ಅವರು ದುಡ್ಡು ಕೊಟ್ಟು ಲೈಸೆನ್ಸ್ ತಗೊಳ್ಳಲಿ.

ವಿನ್‌ಎಫ್‌ಆರ್, ಅಂದರೆ ವಿಂಡೋಸ್ ಫೈಲ್ ರಿಕವರಿ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ಮೈಕ್ರೋಸಾಫ್ಟ್‌ನದೇ, 2020ರಲ್ಲಿ ಬಂದದ್ದು, ಸ್ಟೋರ್‌ನಲ್ಲಿ ಪುಕ್ಕಟೆ. ಬರೀ ಕಮಾಂಡ್. ಡಿಸ್ಕ್ ಸರಿ ಇದ್ದು, ಮೊನ್ನೆ ಡಿಲೀಟ್ ಆದ ನಾಲ್ಕು ಫೈಲು ಬೇಕಿದ್ದರೆ ಸಾಕು.

ಕ್ಯಾಮೆರಾ ಕಾರ್ಡಿನ ಫೋಟೋ ಆದರೆ ಫೋಟೊರೆಕ್ಕೇ ಸರಿ, ಅಲ್ಲಿ ಹೆಸರು ಯಾರಿಗೆ ಬೇಕು. ಎಸ್‌ಎಸ್‌ಡಿಯಲ್ಲಿ ಡಿಲೀಟ್ ಮಾಡಿದ್ದು, ಖಾಲಿಯಾದ ಜಾಗವನ್ನು ತಾನೇ ಅಳಿಸಿಬಿಡುವ ಟ್ರಿಮ್‌ನಿಂದಾಗಿ ಸಾಮಾನ್ಯವಾಗಿ ಹೋದ ಹಾಗೆಯೇ. ಡಿಸ್ಕ್ ಟಕ್ ಟಕ್ ಅನ್ನುತ್ತಿದ್ದರೆ ಮಾತ್ರ ಈ ಮೂರನ್ನೂ ಮುಟ್ಟಬೇಡಿ, ಓಡಿಸಿದಷ್ಟೂ ಕೆಡುತ್ತದೆ. ಆಗ ಡೇಟಾ ತೆಗೆದುಕೊಡುವ ಲ್ಯಾಬಿಗೆ ದುಡ್ಡು ಸುರಿಯದೆ ವಿಧಿಯಿಲ್ಲ. ವಿಂಡೋಸ್‌ನ ಬೀಗ ಬಿಟ್‌ಲಾಕರ್ ಹಾಕಿದ ಡಿಸ್ಕ್ ಆದರೆ ಮೊದಲು 48 ಅಂಕಿಯ ರಿಕವರಿ ಕೀ ಹುಡುಕಿ. ಎಷ್ಟೋ ಸಲ ಅದು ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲೇ ಉಳಿದಿರುತ್ತದೆ.